ನಳಿಗೆ ತೆಗೆಯುವ ಗಳಿಗೆ

ಶಸ್ತ್ರಕ್ರಿಯೆ ಮುಗಿಯಿತೆಂಬ ಮಾತು ಕಿವಿಗೆ ಬಿದ್ದೊಡನೆ, ಹೊರಗೆ ಕಾದು ಕುಳಿತ ತಂದೆತಾಯಿಯರು ನಿಟ್ಟುಸಿರು ಬಿಡುತ್ತಾರೆ. ಒಳಗಿರುವ ಅರಿವಳಿಕೆಯ ವೈದ್ಯರಿಗಾದರೋ ಆಗಿನ್ನೂ ನೆಮ್ಮದಿಯಿಲ್ಲ. ಟಾನ್ಸಿಲ್ ತೆಗೆಸಿಕೊಂಡ ಮಗುವಿನ ಶ್ವಾಸನಾಳದಲ್ಲಿ ಉಸಿರಾಟದ ನಳಿಗೆ ಹಾಗೆಯೇ ಇದೆ. ಅದನ್ನು ಹೊರಗೆಳೆಯುವುದು ಕ್ಷಣಮಾತ್ರದ ಕೆಲಸ. ಯಾವ ಕ್ಷಣದಲ್ಲಿ ಎಂಬುದೇ ಕಷ್ಟದ ಪ್ರಶ್ನೆ.

ನಮ್ಮ ಗಂಟಲಲ್ಲಿ ಒಬ್ಬ ದ್ವಾರಪಾಲಕನಿದ್ದಾನೆ. ಊಟದ ನಡುವೆ ಅಗುಳೊಂದು ನೆತ್ತಿಗೆ ಹತ್ತಿದಾಗ ಧ್ವನಿತಂತುಗಳು ತಟಕ್ಕನೆ ಮುಚ್ಚಿಕೊಂಡು, ಕೆಮ್ಮು ಬಂದು, ಮತ್ತೆ ತೆರೆದುಕೊಳ್ಳುವುದು ಅವನ ಕಾವಲಿನ ಫಲ. ಗಾಢವಾದ ಅರಿವಳಿಕೆಯಲ್ಲಿ ಅವನು ನಿದ್ರಿಸುತ್ತಾನೆ. ಪೂರ್ಣ ಎಚ್ಚರದಲ್ಲಿ ವಿವೇಕದಿಂದ ವರ್ತಿಸುತ್ತಾನೆ. ಇವೆರಡರ ನಡುವಣ ಅರೆಮಂಪರಿನಲ್ಲಿ ಅವನ ವರ್ತನೆ ಕುಡುಕನದು. ನಳಿಗೆ ಅಲುಗಿತೆಂದೋ, ಒಂದು ಹನಿ ರಕ್ತ ತಾಕಿತೆಂದೋ ಬಾಗಿಲನ್ನು ಬಿಗಿದು, ತೆರೆಯುವುದನ್ನೇ ಮರೆಯುತ್ತಾನೆ. ಎದೆ ಹೆಣಗುತ್ತದೆ, ಗಾಳಿ ಒಳಗೆ ಹೋಗದು. ಮಕ್ಕಳ ದೇಹ ಆಮ್ಲಜನಕವನ್ನು ಬೇಗ ವ್ಯಯಮಾಡುವುದರಿಂದ ತುಟಿ ನೀಲಿಗಟ್ಟಲು ಹೆಚ್ಚು ಹೊತ್ತು ಬೇಡ.

ಈ ಘಟ್ಟವನ್ನು ಗುರುತಿಸುವ ಬಗೆಯನ್ನು ನಕ್ಷೆಯಾಗಿ ಬರೆದುಕೊಟ್ಟವರು ಅಮೆರಿಕದ ಡಾ. ಆರ್ಥರ್ ಗ್ಯೂಡೆಲ್. ಮೊದಲನೆಯ ಮಹಾಯುದ್ಧದ ಫ್ರಾನ್ಸಿನಲ್ಲಿ ಗಾಯಾಳುಗಳು ಹೇರಳ, ಈಥರ್ ಕೊಡಬಲ್ಲವರು ವಿರಳ. ಕಣ್ಣುಗುಡ್ಡೆಯ ಚಲನೆ, ಪಾಪೆಯ ಗಾತ್ರ, ಉಸಿರಿನ ಲಯ ಇವುಗಳಿಂದ ಅರಿವಳಿಕೆಯ ಆಳವನ್ನು ತಿಳಿಯುವುದನ್ನು ಅವರು ಹೊಸಬರಿಗೆ ಕಲಿಸಿದರು. ಅವರು ಹೇಳಿದ 4 ಘಟ್ಟಗಳಲ್ಲಿ 2ನೆಯದಾದ ಉದ್ರೇಕದ ಘಟ್ಟವೇ ನಮ್ಮ ಕುಡುಕ ಕಾವಲುಗಾರನ ಕಾಲ. (ಗಾಳಿಚೀಲವುಳ್ಳ ನಳಿಗೆಯಿದ್ದರೆ ನೀರು ಶ್ವಾಸಕೋಶಕ್ಕಿಳಿಯದೆಂದು ತೋರಿಸಲು, ಅರಿವಳಿಕೆ ಕೊಟ್ಟ ತಮ್ಮ ನಾಯಿಯನ್ನೇ ಈ ಮಹಾಶಯರು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟಿದ್ದರು. ನಾಯಿ ಎಚ್ಚೆತ್ತು ಮೈ ಕೊಡವಿಕೊಂಡು ಎದ್ದಿತಂತೆ!)

ಈಗ ಈಥರಿನ ಸ್ಥಾನದಲ್ಲಿ ಸೆವೊಫ್ಲುರೇನಿನಂಥ ಆವಿಗಳಿವೆ. ಚರ್ಮ ಕೊಯ್ದಾಗ ನೂರಕ್ಕೆ 50 ಮಂದಿ ಅಲುಗದಿರಲು ಬೇಕಾದ ಪ್ರಮಾಣಕ್ಕೆ 'ಮ್ಯಾಕ್' ಎಂಬ ಅಳತೆಯನ್ನು 1960ರ ದಶಕದಲ್ಲಿ ಎಡ್ಮಂಡ್ ಈಗರ್ ಮತ್ತು ಸಂಗಡಿಗರು ರೂಢಿಗೆ ತಂದರು. ಸೆವೊಫ್ಲುರೇನಿಗೆ ಅದು ನಡುವಯಸ್ಸಿನವರಲ್ಲಿ ಸುಮಾರು ಶೇಕಡಾ 2, ಮಕ್ಕಳಲ್ಲಿ ಸುಮಾರು 2.5. ನಿದ್ರೆಯಲ್ಲಿಯೇ ನಳಿಗೆ ತೆಗೆಯಬಯಸುವ ವೈದ್ಯರು, ರೋಗಿ ತಾನಾಗಿ ಉಸಿರಾಡುತ್ತಿರುವಾಗ, ಹೊರಬರುವ ಉಸಿರಿನಲ್ಲಿ ಈ ಅಳತೆಯ ಒಂದರಿಂದ ಒಂದೂವರೆ ಪಟ್ಟು ಇರುವಂತೆ ನೋಡಿಕೊಳ್ಳುವುದು ವಾಡಿಕೆ. ಅರ್ಧ ಮಂದಿಗೆ ಸಾಕಾದದ್ದು ಎಲ್ಲರಿಗೂ ಸಾಲದಷ್ಟೆ! ಪರದೆಯ ಮೇಲೆ ಅಂಕಿ ಕಂಡೊಡನೆ ಎಳೆಯುವುದೂ ಸಲ್ಲದು. ಆವಿಯ ಪ್ರಭಾವ ಮಿದುಳಿನಲ್ಲಿ ನೆಲೆಗೊಳ್ಳಲು ಕೆಲವು ನಿಮಿಷ ಬೇಕು.

ಈ ಸೌಖ್ಯಕ್ಕೆ ಬೆಲೆಯುಂಟು. ಕಾವಲುಗಾರ ಮಲಗಿದ್ದಾನಾಗಿ, ಹೊಟ್ಟೆಯಲ್ಲಿ ಅನ್ನವಿದ್ದವರಿಗೆ, ನಳಿಗೆ ತೂರಿಸುವುದೇ ಕಷ್ಟವಾಗಿದ್ದವರಿಗೆ ಈ ಮಾರ್ಗ ತಕ್ಕುದಲ್ಲ. ಅವರನ್ನು ಚೆನ್ನಾಗಿ ಎಚ್ಚರಿಸಿಯೇ ತೆಗೆಯಬೇಕು. ಟಾನ್ಸಿಲಿನ ಮಗುವಾದರೆ ಗಂಟಲಿನ ರಕ್ತವನ್ನು ಮೊದಲೇ ಹೀರಿ ತೆಗೆದು, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಮರೆಯಬಾರದ ಮಾತೊಂದಿದೆ: ನಳಿಗೆ ಹೋದರೂ ಆ 2ನೆಯ ಘಟ್ಟ ಮುಂದೆ ಇದ್ದೇ ಇದೆ. ಅದನ್ನು ದಾಟುವ ತನಕ ಮಗುವನ್ನು ಅಲುಗಿಸದೆ, ಉಸಿರಿನ ಮೇಲೆ ಕಣ್ಣಿಟ್ಟು ನುರಿತವರೊಬ್ಬರು ಪಕ್ಕದಲ್ಲಿರಬೇಕು. ನಾಲ್ಕು ಮಂಚಗಳಿಗೆ ಒಬ್ಬರೇ ದಾದಿ ಇರುವಲ್ಲಿ, ಕೆಮ್ಮಿದರೂ ಚಿಂತೆಯಿಲ್ಲ, ಎಚ್ಚರಿಸಿ ತೆಗೆಯುವುದೇ ಲೇಸೆಂದು ನನ್ನ ಅಭಿಪ್ರಾಯ.

ಧ್ವನಿಪೆಟ್ಟಿಗೆಯೊಳಕ್ಕೆ ಇಳಿಯದೆ ಅದರ ಬಾಯಿಗೆ ಕವಿದು ಕೂರುವ ಮುಖವಾಡವನ್ನು ಡಾ. ಆರ್ಚಿ ಬ್ರೇನ್ 1981ರಲ್ಲಿ ಲಂಡನ್ನಿನಲ್ಲಿ ರೂಪಿಸಿದರು. ಅದನ್ನು ತೆಗೆಯಲು ಸಾಮಾನ್ಯವಾಗಿ ಇಷ್ಟು ಆಳ ಬೇಡ. ಅರೆಮಂಪರಿನ ಅಪಾಯ ಮಾತ್ರ ಅಲ್ಲಿಯೂ ಉಂಟು.

ಮಗುವಿಗೆ ಹಿಂದಿನ ಹದಿನೈದು ದಿನಗಳಲ್ಲಿ ನೆಗಡಿ ಕೆಮ್ಮು ಬಂದಿತ್ತೆ, ಮನೆಯಲ್ಲಿ ಬೀಡಿ ಸಿಗರೇಟು ಸೇದುವವರುಂಟೆ ಎಂದು ಅರಿವಳಿಕೆಯ ವೈದ್ಯರು ಕೇಳಿದರೆ ಅದು ಕುಶಲಪ್ರಶ್ನೆಯಲ್ಲ. ಎರಡೂ ಗಂಟಲು ಬಿಗಿಯುವ ಸಂಭವವನ್ನು ಹೆಚ್ಚಿಸುತ್ತವೆ. ಸಂಕೋಚವಿಲ್ಲದೆ ಇದ್ದದ್ದನ್ನು ಹೇಳಿ. ದಿನ ಮುಂದಕ್ಕೆ ಹೋದರೆ ಬೇಸರಿಸಬೇಡಿ.