ಅಂಚೆಯಾಟದ ಗಡುವು

ಅಂಚೆಯ ಮೂಲಕ ಆಟವಾಡುವುದೆಂದರೆ ನಮ್ಮಲ್ಲಿ ಅನೇಕರಿಗೆ ನಗೆ ಬಂದೀತು. ಎದುರಾಳಿಯ ಮುಖ ಕಾಣದೆ, ಒಂದು ನಡೆಗಾಗಿ ವಾರಗಟ್ಟಲೆ ಕಾದು ಕುಳಿತುಕೊಳ್ಳುವುದೂ ಒಂದು ಆಟವೇ ಎಂದು ಕೇಳುವವರುಂಟು. ಆದರೆ ಈ ಆಟಕ್ಕೆ ದೀರ್ಘವಾದ ಚರಿತ್ರೆಯಿದೆ. ೧೮೨೪ರಲ್ಲಿ ಲಂಡನ್ ಮತ್ತು ಎಡಿನ್‌ಬರೋ ನಗರಗಳ ಚದುರಂಗ ಸಂಘಗಳು ಪತ್ರಮುಖೇನ ಪಂದ್ಯ ಹೂಡಿದವು; ಅದು ಮುಗಿದು ಎಡಿನ್‌ಬರೋ ಗೆದ್ದದ್ದು ೧೮೨೮ರಲ್ಲಿ. ೧೯೫೩ರಲ್ಲಿ ಆಸ್ಟ್ರೇಲಿಯಾದ ಪರ್ಡಿ ಎಂಬವರು ಪತ್ರ ಚದುರಂಗದ ಮೊದಲನೆಯ ವಿಶ್ವ ಚಾಂಪಿಯನ್ ಆದರು. ಇಂದು ಇಂತಹ ಆಟಗಳು ಬಹುಮಟ್ಟಿಗೆ ಕಂಪ್ಯೂಟರ್ ಜಾಲಕ್ಕೆ ಸರಿದಿದ್ದರೂ, ಅವುಗಳ ಮೂಲ ಪ್ರಶ್ನೆಯೊಂದು ಹಾಗೆಯೇ ಉಳಿದಿದೆ. ಗಡುವನ್ನು ಹೇಗೆ ಗೊತ್ತುಮಾಡಬೇಕು? ಅದನ್ನು ಎಷ್ಟು ಬಿಗಿಯಾಗಿ ಪಾಲಿಸಬೇಕು?

ಇಬ್ಬರೇ ಆಡುವ ಚದುರಂಗದಲ್ಲಿ ಇದು ಅಷ್ಟು ಕಷ್ಟವಲ್ಲ. ಅಂತರರಾಷ್ಟ್ರೀಯ ಪತ್ರ ಚದುರಂಗ ಒಕ್ಕೂಟವು ೧೯೫೧ರಲ್ಲಿ ಸ್ಥಾಪಿತವಾಯಿತು. ಅದರ ಅಂಚೆ ಪಂದ್ಯಗಳಲ್ಲಿ ಪ್ರಸಿದ್ಧವಾದ ನಿಯಮವೆಂದರೆ ಹತ್ತು ನಡೆಗಳಿಗೆ ಮೂವತ್ತು ದಿನ. ಕಾರ್ಡು ದಾರಿಯಲ್ಲಿ ಕಳೆದ ಕಾಲ ಯಾರ ಲೆಕ್ಕಕ್ಕೂ ಸೇರದು. ಕಾರ್ಡು ಕೈಸೇರಿದ ದಿನವನ್ನೂ ಉತ್ತರ ಹಾಕಿದ ದಿನವನ್ನೂ ಆಟಗಾರನೇ ಬರೆದು ತಿಳಿಸಬೇಕು. ಅಂಚೆಯ ಮುದ್ರೆ ಅದಕ್ಕೆ ಸಾಕ್ಷಿ. ತಡವಾದರೆ ಕಳೆಯುವುದು ತಡಮಾಡಿದವನ ದಿನಗಳೇ.

ಹಲವರು ಕೂಡಿ ಆಡುವ ಆಟದ ಸಂಗತಿ ಬೇರೆ. ಅಮೆರಿಕದ ಆಲನ್ ಕ್ಯಾಲ್‌ಹ್ಯಾಮರ್ ಅವರು ರಚಿಸಿ ೧೯೫೯ರಲ್ಲಿ ಪ್ರಕಟಿಸಿದ 'ಡಿಪ್ಲೊಮಸಿ' ಎಂಬ ಆಟದಲ್ಲಿ ಏಳು ಜನರು ಯುರೋಪಿನ ಏಳು ರಾಷ್ಟ್ರಗಳನ್ನು ವಹಿಸಿಕೊಳ್ಳುತ್ತಾರೆ. ೧೯೬೩ರಲ್ಲಿ ಜಾನ್ ಬೋರ್ಡ್‌ಮನ್ ಅವರು ಇದನ್ನು ಅಂಚೆಯಲ್ಲಿ ಆಡಿಸಲಾರಂಭಿಸಿದರು. ಆಟಗಾರರು ತಮ್ಮತಮ್ಮಲ್ಲಿ ಪತ್ರ ಬರೆದು ಸಂಧಾನ ನಡೆಸುತ್ತಾರೆ. ಆಮೇಲೆ ತಮ್ಮ ಸೇನೆಗಳಿಗೆ ಆಜ್ಞೆ ಬರೆದು ಮೇಲ್ವಿಚಾರಕನಿಗೆ ಕಳುಹಿಸುತ್ತಾರೆ. ಗೊತ್ತಾದ ದಿನ ಏಳೂ ಆಜ್ಞೆಗಳು ಒಟ್ಟಿಗೆ ಜಾರಿಗೆ ಬರುತ್ತವೆ. ಯಾರ ಆಜ್ಞೆ ಬರಲಿಲ್ಲವೋ ಅವರ ಸೇನೆ ನಿಂತಲ್ಲೇ ನಿಲ್ಲುತ್ತದೆ.

ಮೇಲ್ವಿಚಾರಕನಿಗೆ ಧರ್ಮಸಂಕಟ ಎದುರಾಗುವುದು ಇಲ್ಲಿಯೇ. ಆರು ಪತ್ರ ಬಂದಿವೆ, ಏಳನೆಯದು ಬಂದಿಲ್ಲ. "ಪಾಪ, ಇನ್ನೆರಡು ದಿನ ನೋಡೋಣ" ಎನ್ನುವುದು ಮನುಷ್ಯಸಹಜ. ಆದರೆ ಈ ದಾಕ್ಷಿಣ್ಯ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಒಬ್ಬನಿಗೆ ಕೊಟ್ಟ ಎರಡು ದಿನಗಳನ್ನು ಆರು ಜನರಿಂದ ಕಿತ್ತುಕೊಟ್ಟಂತಾಯಿತು. ಅಷ್ಟೇ ಅಲ್ಲ, ಸಂಧಾನವೇ ಜೀವಾಳವಾದ ಆಟದಲ್ಲಿ, ಹೊತ್ತಿಗೆ ಸರಿಯಾಗಿ ಕಳುಹಿಸಿದವನು ತನ್ನ ಮಾತು ಮುಗಿಸಿಬಿಟ್ಟಿರುತ್ತಾನೆ. ತಡಮಾಡಿದವನಿಗೆ ಇನ್ನೂ ಯೋಚಿಸಲು ಎಡೆಯುಂಟು. ಒಮ್ಮೆ ಗಡುವು ಜಾರಿತೆಂದರೆ ಮುಂದಿನ ಸಲ ಆ ಆರು ಜನರೂ ಅವಸರ ಪಡಲಾರರು. ನಾಳೆ ಎಂದವನ ಮನೆ ಹಾಳು ಎಂಬುದು ಗಾದೆ. ಇಲ್ಲಿ ಒಬ್ಬನ ನಾಳೆಯಿಂದ ಏಳು ಮನೆ ಹಾಳು.

ಇದಕ್ಕೆ ಎದುರಾದ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಪಿ.ಯು. ಆದ ಮೇಲೆ ಓದು ನಿಲ್ಲಿಸಿ ಹೊಲ ನೋಡಿಕೊಳ್ಳುತ್ತಿರುವ ಸ್ನೇಹಿತನೊಬ್ಬನೊಡನೆ ನಾನು ಕಾರ್ಡಿನಲ್ಲಿ ಚದುರಂಗವಾಡುತ್ತಿದ್ದೇನೆ. ಪೇಟೆಯ ವಿಳಾಸಕ್ಕೆ ತಲುಪುವಷ್ಟು ಬೇಗ ಅವನ ಹಳ್ಳಿಗೆ ಟಪಾಲು ತಲುಪುವುದಿಲ್ಲ. ಸುಗ್ಗಿಯ ಕಾಲದಲ್ಲಿ ಅವನಿಗೆ ಹಾಳೆ ಹಿಡಿಯಲೂ ಬಿಡುವಿಲ್ಲ. ಪೇಟೆಯವರ ಅನುಕೂಲಕ್ಕೆ ತಕ್ಕ ಗಡುವು ಹಾಕಿದರೆ ಅಂತಹವನು ಆಟದಿಂದ ಹೊರಗುಳಿಯುತ್ತಾನೆ. ಊರಿಗೆ ಬಂದಾಗ ಮಾತ್ರ ಸಿಗುವ ಗೆಳೆತನವನ್ನು ಈ ಕಾರ್ಡುಗಳು ವರ್ಷವಿಡೀ ಉಳಿಸಿವೆ. ಆದ್ದರಿಂದ ಈ ಪ್ರಶ್ನೆ ನನಗೆ ಬರಿಯ ವಿನೋದದ್ದಲ್ಲ.

ಆದರೆ ಇದಕ್ಕೆ ಪರಿಹಾರ ಸಡಿಲ ಗಡುವಲ್ಲ, ಮೊದಲೇ ಉದಾರವಾಗಿ ಹಾಕಿದ ಗಡುವು. ಎಲ್ಲರಿಗಿಂತ ದೂರದವನನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. ಹಿಂದಿನ ಸುತ್ತಿನ ಫಲಿತಾಂಶ ಅವನಿಗೆ ಮುಟ್ಟಲು ಐದು ದಿನ, ಅವನ ಆಜ್ಞೆ ಹಿಂದಿರುಗಲು ಐದು ದಿನ, ನಡುವೆ ಪತ್ರವ್ಯವಹಾರಕ್ಕೆ ಹನ್ನೊಂದು ದಿನ. ಒಟ್ಟು ಮೂರು ವಾರ. ಹೀಗೆ ಲೆಕ್ಕ ಹಾಕಿ ತಾರೀಖು ಗೊತ್ತುಮಾಡಿದ ಮೇಲೆ ಅದು ಯಾರಿಗಾಗಿಯೂ ಕದಲಬಾರದು. ಬಿಡುವಿಲ್ಲದವನು ಮುಂಚೆಯೇ ಒಂದು ಆಜ್ಞೆ ಕಳುಹಿಸಿಟ್ಟು, ಮನಸ್ಸು ಬದಲಾದರೆ ಗಡುವಿನೊಳಗೆ ಇನ್ನೊಂದನ್ನು ಕಳುಹಿಸಲಿ. ಕೊನೆಗೆ ಬಂದದ್ದು ನಡೆಯಲಿ. ಎರಡು ಸುತ್ತು ಸತತವಾಗಿ ಸುದ್ದಿಯಿಲ್ಲದವನ ಸ್ಥಾನಕ್ಕೆ ಬದಲಿ ಆಟಗಾರ ಬರಲಿ.

ಹಾಗೆಂದು ಔದಾರ್ಯಕ್ಕೂ ಮಿತಿಯುಂಟು. ಡಿಪ್ಲೊಮಸಿಯ ಒಂದು ವರ್ಷಕ್ಕೆ ವಸಂತ ಮತ್ತು ಶರತ್ ಎಂದು ಎರಡು ಸುತ್ತು. ಹತ್ತು ವರ್ಷದ ಆಟಕ್ಕೆ ಇಪ್ಪತ್ತು ಸುತ್ತು. ಸುತ್ತಿಗೆ ಮೂರು ವಾರವಾದರೆ ಅರುವತ್ತು ವಾರ. ಗಡುವನ್ನು ಇಮ್ಮಡಿಸಿದರೆ ನಮ್ಮ ಪದವಿ ವ್ಯಾಸಂಗದ ಮುಕ್ಕಾಲು ಪಾಲು ಒಂದೇ ಆಟದಲ್ಲಿ ಕಳೆದೀತು! ಕಾಲ ಲಂಬಿಸಿದರೆ ಏನಾಗುವುದೆಂಬುದಕ್ಕೆ ಪತ್ರ ಚದುರಂಗದ ಹತ್ತನೆಯ ಒಲಿಂಪಿಯಾಡ್ ನಿದರ್ಶನ. ೧೯೮೭ರಲ್ಲಿ ಆರಂಭವಾದ ಆ ಪಂದ್ಯ ಮುಗಿದದ್ದು ೧೯೯೫ರಲ್ಲಿ. ಕಂಚಿನ ಪದಕ ಪೂರ್ವ ಜರ್ಮನಿಯ ಪಾಲಾಯಿತು. ಆದರೆ ಆ ರಾಷ್ಟ್ರ ೧೯೯೦ರಲ್ಲಿಯೇ ಇಲ್ಲವಾಗಿತ್ತು.

ಪರೀಕ್ಷಾ ಶುಲ್ಕಕ್ಕೆ ದಂಡವಿಲ್ಲದ ಕೊನೆಯ ದಿನ, ದಂಡಸಹಿತ ಕೊನೆಯ ದಿನ ಎಂದು ಎರಡಿರುವುದನ್ನು ನಾವೆಲ್ಲ ಸೂಚನಾ ಫಲಕದಲ್ಲಿ ಕಂಡವರೇ. ಅದನ್ನು ಕಂಡು ಗೊಣಗುವವರೂ ಒಂದನ್ನು ಒಪ್ಪಬೇಕು: ದಂಡವೆಷ್ಟೆಂದು ಮೊದಲೇ ಸಾರಿರುವುದರಿಂದ ಅಲ್ಲಿ ಮುಖ ನೋಡಿ ಮಣೆ ಹಾಕುವಂತಿಲ್ಲ. ಅಂಚೆಯಾಟದಲ್ಲಿಯೂ ನಿಯಮ ಮೊದಲು, ಆಟ ಆಮೇಲೆ.

ನಮ್ಮ ಕಾಲೇಜಿನ ಕ್ರೀಡಾ ವಿಭಾಗದವರು ಮುಂದಿನ ವರ್ಷ ಅಂಚೆ ಚದುರಂಗ ಪಂದ್ಯವೊಂದನ್ನು ಏರ್ಪಡಿಸಬೇಕೆಂದು ಅಧ್ಯಾಪಕ ವರ್ಗದವರಲ್ಲಿ ಬಿನ್ನವಿಸುತ್ತೇನೆ. ಓದು ಬಿಟ್ಟು ಹಳ್ಳಿ ಸೇರಿದ ನಮ್ಮ ಹಳೆಯ ಸಹಪಾಠಿಗಳಿಗೂ ಅದರಲ್ಲಿ ಸ್ಥಾನವಿರಲಿ. ಗಡುವಿನ ತಾರೀಖುಗಳನ್ನು ಮೊದಲ ಕಾರ್ಡಿನಲ್ಲಿಯೇ ಅಚ್ಚು ಹಾಕಿಸಲಿ.