ಕಂಪ್ಯೂಟರ್ ಸೂಚಿಸಿದ ವಿಳಾಸಕ್ಕೆಲ್ಲ ಕೊಟೇಶನ್ ಹೋಗದಿರಲಿ

ಮಾಜಿವಾಡಾ ನಾಕಾದಿಂದ ಘೋಡ್‌ಬಂದರ್ ರಸ್ತೆಯುದ್ದಕ್ಕೂ ಕಚೇರಿಗಳು ಬೆಳೆದಂತೆ ನಮ್ಮ ಕ್ಯಾಟರಿಂಗ್ ವ್ಯವಹಾರದ ರೀತಿಯೂ ಬದಲಾಗಿದೆ. ಗಲ್ಲೆಯ ಎದುರು ಮುಗಿಯುತ್ತಿದ್ದ ಮಾತುಕತೆ ಈಗ ಇ-ಮೇಲ್‌ನಲ್ಲಿ ನಡೆಯುತ್ತದೆ. ಕೊಟೇಶನ್, ಮೆನು, ಬಿಲ್ಲು ಎಲ್ಲವೂ ಅದರಲ್ಲೇ. ಆದರೆ ಅದನ್ನು ಕಳುಹಿಸುವ ವಿಳಾಸದ ಬಗ್ಗೆ ನಮ್ಮ ಸದಸ್ಯ ಬಾಂಧವರು ಸಾಕಷ್ಟು ಗಮನ ಕೊಡುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡಕ್ಷರ ಒತ್ತಿದೊಡನೆ ಕಂಪ್ಯೂಟರ್ ತಾನೇ ವಿಳಾಸಗಳನ್ನು ಸೂಚಿಸುತ್ತದೆ. ಇದು ನಾವು ಪರಿಶೀಲಿಸಿ ಬರೆದಿಟ್ಟ ಪಟ್ಟಿಯಲ್ಲ. ಹಿಂದೆ ಪತ್ರ ಕಳುಹಿಸಿದ ವಿಳಾಸಗಳ ನೆನಪು ಮಾತ್ರ. ಕ್ಲಾಸಿಕ್ ಔಟ್‌ಲುಕ್ ಇಂತಹ 1000 ವಿಳಾಸಗಳವರೆಗೆ ಇಟ್ಟುಕೊಳ್ಳುತ್ತದೆ. ತಪ್ಪಾಗಿ ಬರೆದದ್ದು, ಕೆಲಸ ಬಿಟ್ಟುಹೋದವರದ್ದು ಎಲ್ಲವೂ ಅದರಲ್ಲಿರುತ್ತವೆ. ಅನೇಕ ಕಂಪೆನಿಗಳ ವಿಳಾಸ ‘ಅಡ್ಮಿನ್’ ಎಂದೇ ಆರಂಭವಾಗುತ್ತದೆ. ಒಬ್ಬರಿಗೆ ಪ್ಲೇಟಿಗೆ 180 ರೂಪಾಯಿಯಂತೆ ಕೊಟ್ಟ ದರ, 220 ಕೊಡುತ್ತಿರುವ ಇನ್ನೊಬ್ಬರ ಕೈ ಸೇರಿದರೆ ವರ್ಷಗಳ ವಿಶ್ವಾಸ ಹೋಯಿತು.

ಇದಕ್ಕಿಂತ ದೊಡ್ಡ ಅಪಾಯ ವಂಚಕರದ್ದು. ಸರಬರಾಜುದಾರರ ವಿಳಾಸದಲ್ಲಿ ಒಂದಕ್ಷರ ಬದಲಿಸಿ, ‘ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ಬರೆಯುತ್ತಾರೆ. ಒಮ್ಮೆ ಉತ್ತರಿಸಿದರೆ ಆ ಸುಳ್ಳು ವಿಳಾಸವೂ ಪಟ್ಟಿಗೆ ಸೇರಿ, ಮುಂದಿನ ಸಲ ಅಸಲಿಯ ಪಕ್ಕದಲ್ಲೇ ಕಾಣಿಸಿಕೊಳ್ಳಬಹುದು. ಖಾತೆ ಬದಲಾವಣೆಯನ್ನು ಹಳೆಯ ಫೋನ್ ನಂಬರಿಗೆ ಕರೆಮಾಡಿ ಖಚಿತಪಡಿಸಿಕೊಳ್ಳದೆ ಹಣ ಕಳುಹಿಸಬಾರದು. ಮೋಸ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆಮಾಡಬೇಕು.

ಸೂಚನೆಯನ್ನೇ ಬಂದ್ ಮಾಡಿದರಾಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಪ್ರತಿಸಲ ಕೈಯಿಂದ ಬರೆದರೂ ಅಕ್ಷರ ತಪ್ಪುತ್ತದೆ. ಪಟ್ಟಿಯನ್ನು ಶುದ್ಧವಾಗಿಡುವುದೇ ಸರಿ. ಔಟ್‌ಲುಕ್‌ನಲ್ಲಿ ಸೂಚಿತ ವಿಳಾಸದ ಪಕ್ಕದ ಗುಣಾಕಾರ ಚಿಹ್ನೆ ಒತ್ತಿದರೆ ಅದು ಅಳಿಯುತ್ತದೆ. ಜಿಮೇಲ್‌ನವರು ಗೂಗಲ್ ಕಾಂಟ್ಯಾಕ್ಟ್ಸ್‌ನ ‘ಅದರ್ ಕಾಂಟ್ಯಾಕ್ಟ್ಸ್’ ತೆರೆದು ಬೇಡವಾದುದನ್ನು ತೆಗೆಯಬೇಕು. ಸೆಟ್ಟಿಂಗ್ಸ್‌ನಲ್ಲಿ ‘ವಿಳಾಸಗಳನ್ನು ನಾನೇ ಸೇರಿಸುತ್ತೇನೆ’ ಎಂಬ ಆಯ್ಕೆ ಮಾಡಬೇಕು. ‘ಅನ್‌ಡೂ ಸೆಂಡ್’ ಅವಧಿಯನ್ನು 30 ಸೆಕೆಂಡಿಗೆ ಏರಿಸಿಟ್ಟರೆ ತಪ್ಪಿದ ಪತ್ರವನ್ನು ತಡೆಯಲು ಅಷ್ಟು ಸಮಯ ಸಿಗುತ್ತದೆ. ಗ್ರಾಹಕರ ಹೆಸರಿನ ಜೊತೆ ಕಂಪೆನಿ, ಶಾಖೆಯ ಹೆಸರನ್ನೂ ಬರೆದಿಟ್ಟರೆ ಗೊಂದಲವಿಲ್ಲ.

ಇದನ್ನು ಮ್ಯಾನೇಜರರ ತಲೆಗೆ ಕಟ್ಟಿ ಮಾಲಕರು ಸುಮ್ಮನಿರಬಾರದು. ತಿಂಗಳಿಗೊಮ್ಮೆ ಉಗ್ರಾಣದ ಸಾಮಾನು ಲೆಕ್ಕ ಹಾಕುವ ದಿನವೇ ಈ ಪಟ್ಟಿಯನ್ನೂ ನೋಡಿ. ಅರ್ಧ ಗಂಟೆ ಸಾಕು.