ಕೊಲಿನಾ ಆದರೇನು, ನಿಯಮ ನಿಯಮವೇ

ಊರಿನ ಟೂರ್ನಮೆಂಟುಗಳಲ್ಲಿ ಸೀಟಿ ಊದಿ ಬೈಗುಳ ತಿನ್ನುವ ನನ್ನಂಥವರಿಗೆ ಇಟಲಿಯ ಫುಟ್‌ಬಾಲ್ ರೆಫರಿ ಪಿಯರ್‌ಲುಯಿಜಿ ಕೊಲಿನಾ ದೇವರ ಸಮಾನ. 1999ರ ಚಾಂಪಿಯನ್ಸ್ ಲೀಗ್ ಫೈನಲ್ ನೆನಪಿಸಿಕೊಳ್ಳಿ. 90 ನಿಮಿಷ ಮುಗಿದಾಗ ಬಯರ್ನ್ ಮ್ಯೂನಿಕ್ 1–0 ಮುಂದಿತ್ತು. ಆಮೇಲಿನ ಮೂರು ನಿಮಿಷದೊಳಗೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಎರಡು ಗೋಲು! ಬಯರ್ನ್‌ನ ಕುಫೋರ್ ನೆಲ ಗುದ್ದುತ್ತಾ ಬಿದ್ದುಕೊಂಡಿದ್ದ. ಆಟ ಇನ್ನೂ ಮುಗಿದಿರಲಿಲ್ಲ. ಎಬ್ಬಿಸಲು ಹೋದದ್ದು ಕೊಲಿನಾ. ಕಾರ್ಡು ತೋರಿಸುವ ಕೈ ಅದಕ್ಕೂ ಮುಂದಾಯಿತಲ್ಲ, ಅದನ್ನು ಯಾವ ರೂಲ್‌ಬುಕ್ಕೂ ಕಲಿಸದು.

2002ರ ವಿಶ್ವಕಪ್ ಫೈನಲ್ಲೂ ಅವರದೇ. ಪಂದ್ಯಕ್ಕೆ ಮುಂಚೆ ಎರಡೂ ತಂಡಗಳ ಆಟದ ರೀತಿ ಅಭ್ಯಾಸ ಮಾಡಿಯೇ ಮೈದಾನಕ್ಕಿಳಿಯುತ್ತಿದ್ದರು.

ಇಂಥವರನ್ನು ಉಳಿಸಿಕೊಳ್ಳಲು ಇಟಲಿ ರೆಫರಿಗಳಿಗಿದ್ದ 45 ವರ್ಷದ ವಯೋಮಿತಿಯನ್ನೇ ಸಡಿಲಿಸಿತು. ಆದರೆ 2005ರಲ್ಲಿ ಅವರು ಒಪೆಲ್ ಕಾರಿನ ಜಾಹೀರಾತಿಗೆ ಒಪ್ಪಿಕೊಂಡರು. ಎಸಿ ಮಿಲಾನ್ ತಂಡದ ಪ್ರಾಯೋಜಕರೂ ಅದೇ ಒಪೆಲ್. ತಕರಾರೆದ್ದಿತು, ಕೊಲಿನಾ ರಾಜೀನಾಮೆ ಕೊಟ್ಟರು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೂ ತಕರಾರು ಎತ್ತಿದವರದೇ ಸರಿ ಎನ್ನುತ್ತೇನೆ. ಮಿಲಾನ್‌ಗೆ ಒಂದು ಪೆನಾಲ್ಟಿ ಕೊಟ್ಟಿದ್ದರೆ ಸಾಕಿತ್ತು, ಗ್ಯಾಲರಿಯವರು ಆ ಕಾರಿನ ಹೆಸರು ಹಿಡಿದೇ ಕೂಗುತ್ತಿದ್ದರು.